ತತ್ತಿಯ ಸುತ್ತ ಸುಣ್ಣದ ಕಲ್ಲು

ಗಂಡನ ಊರಿನಲ್ಲಿ ನನಗೆ ಬಿದ್ದ ಹೆಸರು ‘ಹಕ್ಕಿ ಹುಚ್ಚಿ’. ಬುತ್ತಿ ಹೊತ್ತು ಹೊಲಕ್ಕೆ ಹೊರಟ ಸೊಸೆ ನಡುದಾರಿಯಲ್ಲಿ ಬುಟ್ಟಿ ಇಳಿಸಿ, ಜಾಲಿಗಿಡದ ಮೇಲಿನ ಹಕ್ಕಿ ನೋಡುತ್ತ ನಿಂತರೆ ಇನ್ನೇನು ಹೆಸರಿಟ್ಟಾರು? ರೊಟ್ಟಿ ಆರುತ್ತಿತ್ತು, ಗಂಡನಿಗೆ ಸಿಟ್ಟು ಏರುತ್ತಿತ್ತು, ಅತ್ತೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ನನಗೆ ಮಾತ್ರ ನಾಚಿಕೆಯಾಗುತ್ತಿರಲಿಲ್ಲ. ಸಿಂಧನೂರಿನ ಕಿರಾಣಿ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಬೆಳೆದವಳು ನಾನು. ಪಾಮನಕಲ್ಲೂರಿನ ಆಚೆಯ ಆ ಹಳ್ಳಿಗೆ ಬಂದಾಗ ಕಣ್ಣು ಹಾಯುವಷ್ಟು ದೂರ ಕರಿ ನೆಲ, ಅದರ ಮೇಲೆ ಚಿಗರಿಯ ಹಿಂಡು. ನೋಡದೆ ಇರುವುದು ಹೇಗೆ?

ನವಾಬನ ಆಳ್ವಿಕೆ ಕೊನೆಗೊಂಡ ಗದ್ದಲದ ವರ್ಷ ಆಗಷ್ಟೇ ಮುಗಿದಿತ್ತು. ಜೀವಕ್ಕೆ ಹೆದರಿ ಹೊಳೆ ದಾಟಿ ಹೋಗಿದ್ದ ಜನ ಗಂಟುಮೂಟೆ ಹೊತ್ತು ತಿರುಗಿ ಬರುತ್ತಿದ್ದರು. ಆ ಹೊತ್ತಿನಲ್ಲಿ ಮದುವೆಗೆ ವಾದ್ಯವೂ ಇಲ್ಲ, ಊಟದ ಸಾಲೂ ಇಲ್ಲ. ನನ್ನನ್ನು ಕೊಟ್ಟದ್ದು ಸೋದರಮಾವನ ಮಗನಿಗೆ. ಆದ್ದರಿಂದ ಮಾವನ ಎದುರಿಗೆ ನಾನು ಬಾಯಿ ಬಿಡಬಹುದಿತ್ತು, ಬೇರೆ ಸೊಸೆಯರಂತೆ ಬಾಗಿಲ ಸಂದಿಯಿಂದ ಉತ್ತರ ಕೊಡಬೇಕಾಗಿರಲಿಲ್ಲ. ಹಾಗೆಂದು ಮಾತಾಡಲು ಅವರು ಸಿಕ್ಕಬೇಕಲ್ಲ! ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಹೊಲ, ಸಂಜೆ ಮತ್ತೆ ಪೂಜೆ. ಕೇಳಿದ್ದಕ್ಕೆ ಹೌದು, ಇಲ್ಲ. ಮುತ್ತು ಉದುರೀತೆಂಬಂತೆ ತುಟಿ ಬಿಗಿದಿರುತ್ತಿದ್ದರು.

ಅವರ ಬಾಯಿ ಬಿಚ್ಚಿಸಿದ್ದು ಎರೆಭೂತ.

ಕರಿ ಮಣ್ಣಿನ ಎರೆ ಹೊಲದಲ್ಲಿ ಬದುಕುವ ಹಕ್ಕಿ ಅದು. ನಿಂತರೆ ನನ್ನ ಸೊಂಟದೆತ್ತರ. ಬಿಳಿ ಕುತ್ತಿಗೆ, ತಲೆಯ ಮೇಲೆ ಕರಿ ಟೊಪ್ಪಿಗೆ, ನಡಿಗೆಯಲ್ಲಿ ಸಾಹುಕಾರನ ಗತ್ತು. ಮೊದಲ ಮಳೆಗಾಲದಲ್ಲಿ ನಾನು ಹೊಲದ ಬದುವಿನ ಮೇಲೆ ಬುತ್ತಿ ಇಳಿಸುತ್ತಿದ್ದಾಗ ದೂರದಲ್ಲಿ ‘ಹೂಂ’ ಎಂಬ ಸದ್ದು ಕೇಳಿತು, ಯಾರೋ ಖಾಲಿ ಗಡಿಗೆಯಲ್ಲಿ ಬಾಯಿ ಇಟ್ಟು ಹೂಂಗುಟ್ಟಿದಂತೆ. ನೋಡಿದರೆ ಗಂಡು ಹಕ್ಕಿ. ಗಂಟಲಿನ ಬಿಳಿ ಚೀಲ ಉಬ್ಬಿಸಿ ನೆಲಕ್ಕೆ ತಾಗುವಂತೆ ಇಳಿಬಿಟ್ಟು, ಬಾಲವನ್ನು ಬೆನ್ನಮೇಲೆ ಮಡಚಿಕೊಂಡು ನಿಂತಿತ್ತು. ನಾನು ಸೆರಗು ಜಾರಿದ್ದೂ ತಿಳಿಯದೆ ನಿಂತುಬಿಟ್ಟೆ.

“ಹೆಣ್ಣಿನ್ನ ಕರ್ಯಾಕತ್ತೈತಿ,” ಎಂದರು ಹಿಂದೆ ಬಂದು ನಿಂತ ಮಾವ. “ಆಕಿ ಅಲ್ಲೇ ಎಲ್ಲೋ ಕುಂತಿರತಾಳ. ನೋಡಿಯೂ ನೋಡದಂಗ ಇರತಾಳ.”

“ನಿಮ್ಮ ತಂಗಿಯಂಗ,” ಎಂದೆ. ನನ್ನ ಅವ್ವನೇ ಅವರ ತಂಗಿ. ಮಾವ ನಕ್ಕರು. ಆ ಮನೆಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಹಕ್ಕಿಯ ಮಾತು ನಮ್ಮಿಬ್ಬರದಾಯಿತು. ಹಿಂಗಾರಿ ಜೋಳ ಬಿತ್ತುವ ಎರೆ ಹೊಲ ಮಳೆಗಾಲವೆಲ್ಲ ಖಾಲಿ ಇರುತ್ತದೆ. ಮಳೆ ಬಿಡುವು ಕೊಟ್ಟಾಗಲೆಲ್ಲ ಎತ್ತು ಹೂಡಿ ಕುಂಟೆ ಹೊಡೆದು, ಕಳೆ ಕೊಯ್ದು, ನೆಲವನ್ನು ಹದಕ್ಕೆ ಇಡಬೇಕು. ಎರೆಭೂತ ತತ್ತಿ ಇಡುವುದೂ ಆ ದಿನಗಳಲ್ಲೇ, ಆ ಹೊಲದಲ್ಲೇ. ಗೂಡಿಲ್ಲ, ಗೀಡಿಲ್ಲ. ಬರೀ ನೆಲದ ಮೇಲೆ ಒಂದೇ ಒಂದು ತತ್ತಿ, ಮಣ್ಣಿನ ಹೆಂಟೆಯದೇ ಬಣ್ಣ. ಹೆಣ್ಣು ಅದರ ಮೇಲೆ ಅವುಚಿ ಕುಳಿತರೆ ಕುಂಟೆಯ ಅಲಗು ಮೈಗೆ ಬರುವ ತನಕ ಏಳುವುದಿಲ್ಲ. ತತ್ತಿ ಎತ್ತಿ ಬೇರೆ ಕಡೆ ಇಟ್ಟರೆ ಮತ್ತೆ ಹತ್ತಿರ ಸುಳಿಯುವುದಿಲ್ಲ.

ಇದಕ್ಕೆ ಆ ಸೀಮೆಯ ಹಳ್ಳಿಗಳಲ್ಲಿ ಒಂದು ಕಟ್ಟಳೆ ಇತ್ತು. ಕುಂಟೆ ಹೊಡೆಯುವವನಿಗೆ ತತ್ತಿ ಕಂಡರೆ ಅಲ್ಲಿಗೇ ಎತ್ತು ನಿಲ್ಲಿಸಬೇಕು. ಸುತ್ತ ಒಂದು ಕಣದಷ್ಟು ಜಾಗ ಬಿಟ್ಟು, ಸುಣ್ಣ ಬಳಿದ ಕಲ್ಲು ಇಡಬೇಕು. ಎರೆ ಹೊಲದಲ್ಲಿ ಕಲ್ಲು ಸಿಗುವುದಿಲ್ಲ, ಗುಡ್ಡದಿಂದ ಬಂಡಿಯಲ್ಲಿ ತರಬೇಕು. ನಮ್ಮ ಮಾವ ಪ್ರತಿ ಬೇಸಿಗೆ ಒಂದು ಬಂಡಿ ಕಲ್ಲು ತರಿಸಿ, ಮನೆಗೆ ಸುಣ್ಣ ಹೊಡೆದು ಉಳಿದ ಸುಣ್ಣವನ್ನು ಅವಕ್ಕೆ ಬಳಿದು, ಕೇಳಿದವರಿಗೆ ಕೊಡುತ್ತಿದ್ದರು. ಕಲ್ಲು ಕಂಡರೆ ಎಂಥ ಕುಡುಕನೂ ಎತ್ತು ತಿರುಗಿಸುತ್ತಿದ್ದ. ಭೂತದ ತತ್ತಿ ಒಡೆದವನ ಎತ್ತು ನೊಗಕ್ಕೆ ನಿಲ್ಲುವುದಿಲ್ಲ ಎಂಬ ಮಾತಿತ್ತು. ದನಗಾಹಿಗಳೂ ಆ ಕಡೆ ದನ ಹೊಡೆಯುತ್ತಿರಲಿಲ್ಲ. ದೇವರ ಭಯವೋ, ಎತ್ತು ಹೋದೀತೆಂಬ ಭಯವೋ, ಅಂತೂ ಹಕ್ಕಿ ಉಳಿದಿತ್ತು.

ಮಾವನಿಗೆ ಮಾತ್ರ ಅದು ಭಯದ ಮಾತಾಗಿರಲಿಲ್ಲ. “ಜೋಳದ ಹುಳಾ ತಿಂದು ನಮ್ಮ ಬೆಳಿ ಕಾಯತೈತಿ. ಅದರ ಮನಿ ನಾವು ಕಾಯಬೇಕು. ಇಷ್ಟ ಯವ್ವಾ,” ಎನ್ನುತ್ತಿದ್ದರು.

ಆದರೆ ಗದ್ದಲ ಮುಗಿದ ಮೇಲೆ ಬಂದೂಕುಗಳು ಮನೆಗೆ ಹೋಗಲಿಲ್ಲ. ಹಿಂದೆ ಜಹಗೀರಿನ ದೊಡ್ಡವರು ವರ್ಷಕ್ಕೊಮ್ಮೆ ಶಿಕಾರಿಗೆ ಬಂದು, ನಾಲ್ಕು ಚಿಗರಿ ಹೊಡೆದು ಹೋಗುತ್ತಿದ್ದರಂತೆ. ಈಗ ವಾರವಾರವೂ ಶಿಕಾರಿ. ಕಚೇರಿಯವರು, ಕಾಲುವೆ ಗುತ್ತಿಗೆಯವರು, ಅವರ ನೆಂಟರು, ನೆಂಟರ ಸ್ನೇಹಿತರು. ಚಿಗರಿ ಎಷ್ಟು ಜೋರಾಗಿ ಓಡಿದರೇನು, ಬಯಲಿನಲ್ಲಿ ಜೀಪು ಬೆನ್ನು ಬಿಡುವುದಿಲ್ಲ. ಮಸ್ಕಿಯ ಸಂತೆಗೆ ಹೋದರೆ ಚಿಗರಿ ಚರ್ಮ ಮಾರುವವರು ಸಾಲಾಗಿ ಕುಳಿತಿರುತ್ತಿದ್ದರು. “ಮೊದಲ ಒಬ್ಬ ನವಾಬ ಇದ್ದ, ಈಗ ಜೀಪಿಗೊಬ್ಬ ನವಾಬ ಆಗ್ಯಾನ,” ಎಂದು ಮಾವ ಸಂಕಟ ತೋಡಿಕೊಳ್ಳುತ್ತಿದ್ದರು. ಕೆಲವೇ ವರ್ಷಗಳಲ್ಲಿ ಚಿಗರಿಯ ಹಿಂಡು ಹೋಗಿ ಒಂಟಿ ಚಿಗರಿ ಕಂಡರೆ ಹೆಚ್ಚು ಎಂಬಂತಾಯಿತು. ಎರೆಭೂತವೂ ನಮ್ಮ ಹೊಲ, ಅದರ ಪಕ್ಕದ ಗಾಯರಾಣ, ಅಂದರೆ ಊರ ದನ ಮೇಯುವ ಬಯಲು, ಇಷ್ಟರಲ್ಲೇ ಉಳಿದುಕೊಂಡಿತು.

ಅಷ್ಟರಲ್ಲಿ ಚುನಾವಣೆ ಬಂತು. ನಮಗೆಲ್ಲ ಅದು ಮೊದಲನೆಯದು. ಮತ ಕೇಳಲು ಬಂದ ಅಭ್ಯರ್ಥಿ ನಮ್ಮ ಪಡಸಾಲೆಯಲ್ಲೇ ಚಹಾ ಕುಡಿದರು. ಖಾದಿ, ಮೃದು ಮಾತು, ದೊಡ್ಡವರ ಕಾಲು ಮುಟ್ಟುವ ಸಂಸ್ಕಾರ. ಕಾಲುವೆ ಬರುತ್ತದೆ, ನೀರು ಬರುತ್ತದೆ, ಭತ್ತ ಬೆಳೆಯುತ್ತೀರಿ ಎಂದರು. ನೀರು ಬೇಡ ಎನ್ನಲು ನಮಗೇನು ಹುಚ್ಚೇ? ಬೇಸಿಗೆಯಲ್ಲಿ ಹಳ್ಳದ ಒರತೆ ತೋಡಿ ಕೊಡ ತುಂಬಿಸಿದ ಕೈ ನನ್ನದು. ಮಾವ ಕೇಳಿದ್ದು ಇಷ್ಟೇ: ಕಾಲುವೆ ಬರಲಿ, ಗಾಯರಾಣ ಒಂದನ್ನು ಬಿಟ್ಟುಬಿಡಿ, ಅಲ್ಲಿಗೆ ಬಂದೂಕು ಬರದಂತೆ ಮಾಡಿ.

ಯಾರೊಂದಿಗೂ ಹಾಗೆ ಹತ್ತು ಮಾತು ಒಟ್ಟಿಗೆ ಆಡದ ಮನುಷ್ಯ ಅಂದು ಉತ್ಸಾಹದಿಂದ ಅವರನ್ನು ಹೊಲಕ್ಕೇ ಕರೆದುಕೊಂಡು ಹೋದರು. ಸುಣ್ಣದ ಕಲ್ಲುಗಳನ್ನು ತೋರಿಸಿದರು. “ಮಳಿಗಾಲದಾಗ ಈ ಕಲ್ಲು ಎಲ್ಲಿ ಇರತೈತಿ, ಅಲ್ಲಿ ತತ್ತಿ ಇರತೈತ್ರಿ. ಕಲ್ಲು ಕಂಡಮ್ಯಾಲೆ ನಮ್ಮ ಮಂದಿ ಯಾರೂ ಹೆಜ್ಜಿ ಮುಂದ ಇಡೂದಿಲ್ಲ.” ಬಂದವರು ಒಂದು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಇಂಥಾ ಮಂದಿ ಇರೂದಕ್ಕ ದೇಶ ಉಳದೈತಿ,” ಎಂದರು. ಮಾವ ಮನೆಗೆ ಬಂದು ಅತ್ತೆಯ ಎದುರು ಅದನ್ನೇ ಮೂರ್ನಾಲ್ಕು ಸಲ ಹೇಳಿದರು. ಕಲ್ಲು ಕಂಡ ಮನುಷ್ಯ ಪಕ್ಕಕ್ಕೆ ಸರಿಯುತ್ತಾನೆ ಎಂಬುದರ ಹೊರತು ಅವರಿಗೆ ಬೇರೆ ಹೊಳೆಯಲೇ ಇಲ್ಲ. ಊರಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವರು ಗೆದ್ದರು. ಮಳೆಗಾಲ ಬಂತು. ಒಂದು ಮಧ್ಯಾಹ್ನ ಮನೆಯ ಮುಂದೆ ಜೀಪು ನಿಂತಿತು. ಅವರೇ ಬಂದಿದ್ದರು, ಜೊತೆಗೆ ಬಂದೂಕು ಹಿಡಿದ ನಾಲ್ವರು ಅತಿಥಿಗಳು. ಜೀಪಿನ ಹಿಂದೆ ಕಾಲು ಕಟ್ಟಿ ತೂಗುಬಿಟ್ಟ ಹೆಣ್ಣು ಹಕ್ಕಿ. ಅದರ ಉದ್ದ ಕುತ್ತಿಗೆ ಚಕ್ರದ ಮಣ್ಣಿಗೆ ತಾಗುತ್ತಿತ್ತು.

ಮಾವ ಹೊರಗೆ ಬಂದು ಕಟ್ಟೆಯ ಮೇಲೆ ನಿಂತರು.

“ನೀವು ಹೇಳಿದ ಕಲ್ಲು ಭಾಳ ಅನುಕೂಲ ಆತು ನೋಡ್ರಿ ಗೌಡ್ರ,” ಎಂದರು ಗೆದ್ದವರು. “ಹುಡುಕೂ ತ್ರಾಸ ಇಲ್ಲ. ಸೀದಾ ಹೋದ್ವಿ, ಕುಂತಲ್ಲೇ ಕುಂತಿತ್ತು.”

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಉಪಕಾರ ಸ್ಮರಣೆಯೇ ಇತ್ತು. ಅದಕ್ಕೇ ನನ್ನ ಮೈಯೆಲ್ಲ ಉರಿಯಿತು. ಆಮೇಲೆ ಅವರು ಊರ ಹೊರಗಿನ ಹುಣಸೆಗಿಡದ ಕೆಳಗೆ ಅಡಿಗೆ ಮಾಡಿಕೊಳ್ಳುತ್ತೇವೆ, ಒಂದು ಗಡಿಗೆ, ಎಣ್ಣೆ, ಉಳ್ಳಾಗಡ್ಡಿ, ಖಾರ ಬೇಕು ಎಂದರು.

ಬಾಗಿಲಿಗೆ ಬಂದವರಿಗೆ ಇಲ್ಲ ಎಂದ ಮನೆಯಲ್ಲ ಅದು. ಅತ್ತೆ ಮಾವನ ಮುಖ ನೋಡಿದರು. ಮಾವ ಹಿತ್ತಲ ಕಡೆ ನಡೆದರು. ಅತ್ತೆ ಒಳಗೆ ಹೋಗಿ, ತಿರುಗಿ ಕೊಡಬೇಕಿಲ್ಲದ ಒಂದು ಮಣ್ಣಿನ ಗಡಿಗೆ ತೆಗೆದಿಟ್ಟು, “ಖಾರ ಅರದು ಕೊಡು ಬೇ,” ಎಂದರು ನನಗೆ. ಒರಳಿನ ಮುಂದೆ ಕುಳಿತು ಮೆಣಸಿನಕಾಯಿ ಅರೆದೆ. ಕಣ್ಣಲ್ಲಿ ನೀರು ಬಂತು, ಅತ್ತೆ ಅದು ಮೆಣಸಿನಕಾಯಿಯ ಘಾಟು ಎಂದುಕೊಂಡರು. ಅಲ್ಲ, ನಾನು ಅಳುತ್ತಿದ್ದೆ.

ಮರುದಿನ ಮಾವನ ಜೊತೆ ಹೊಲಕ್ಕೆ ಹೋದೆ. ಬಿಳಿ ಕಲ್ಲುಗಳ ನಡುವೆ ತತ್ತಿ ಹಾಗೇ ಇತ್ತು, ತಣ್ಣಗೆ. ಮಾವ ಮಣ್ಣು ಬಗೆದು ಅದನ್ನು ಮುಚ್ಚಿದರು. ಆ ಮೇಲೆ ನಮ್ಮ ಹೊಲ, ಪಕ್ಕದವರ ಹೊಲ, ಗಾಯರಾಣದ ಅಂಚು ಎಲ್ಲ ತಿರುಗಿ, ಇದ್ದಬದ್ದ ಸುಣ್ಣದ ಕಲ್ಲನ್ನೆಲ್ಲ ಬಂಡಿಗೆ ಹೇರಿ ಹಳ್ಳಕ್ಕೆ ಸುರಿದು ಬಂದರು. ಪೂಜೆಯ ಹೊತ್ತು ಮೀರಿತ್ತು. ಅಂದು ಅವರು ಊಟ ಮಾಡಲಿಲ್ಲ.

ಕಲ್ಲಿಲ್ಲದ ಮೇಲೆ ಉಳಿಯುವುದೇನು? ಆ ಮುಂದಿನ ಮಳೆಗಾಲದಲ್ಲಿ ಪಕ್ಕದ ಹೊಲದವನ ಕುಂಟೆ ಒಂದು ತತ್ತಿಯ ಮೇಲೆ ಹರಿಯಿತು. ಪಾಪ, ಅವನಿಗೆ ಕಾಣಲೇ ಇಲ್ಲ. ಗಂಡು ಹಕ್ಕಿಯ ಹೂಂಕಾರವೂ ನಿಂತಿತು. ಗಾಯರಾಣದ ನಡುವೆ ಕಾಲುವೆಯ ಗೂಟ ಬಡಿದರು. ನಮ್ಮೂರಿಂದ ದಕ್ಷಿಣಕ್ಕೆ, ಸಿಂಧನೂರಿನ ದಿಕ್ಕಿಗೆ, ಕಾಲುವೆ ತೋಡುವವರ ಕ್ಯಾಂಪು ಬಂತು. ತಗಡಿನ ಮನೆ, ಚಹಾದ ಅಂಗಡಿ, ಜೀಪು. ಸಂಜೆಯಾದರೆ ಆ ಕಡೆಯಿಂದ ಬಂದೂಕಿನ ಸದ್ದು. ಮಾವ ಮಸ್ಕಿಗೆ, ಲಿಂಗಸುಗೂರಿಗೆ ಹೋಗಿ ಕಚೇರಿ ಕಟ್ಟೆ ಹತ್ತಿ ಇಳಿದರು. ಹಕ್ಕಿಯ ಸಲುವಾಗಿ ತಕರಾರು ತಂದ ಮುದುಕನನ್ನು ಕಂಡು ಗುಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರಂತೆ.

ಒಂದು ಮಳೆಗಾಲ ಮತ್ತೆ ಒಂದು ಹೆಣ್ಣು ಎಲ್ಲಿಂದಲೋ ಬಂದು ನಮ್ಮ ಹೊಲದಲ್ಲಿ ತತ್ತಿ ಇಟ್ಟು ಕುಳಿತಿತು. ಆ ಸುತ್ತಿನಲ್ಲಿ ಅದೊಂದೇ ಉಳಿದಿತ್ತು. ಅದನ್ನು ನೋಡಿದವರು ಮಾವ ಮತ್ತು ನಾನು. ಕಲ್ಲು ಇಡುವಂತಿಲ್ಲ. ಸುತ್ತ ಕುಂಟೆ ಹೊಡೆದು ನಡುವೆ ಜಾಗ ಬಿಟ್ಟರೆ ಅದೂ ಗುರುತೇ. ಮಾವ ಆ ಹೊಲಕ್ಕೆ ಕುಂಟೆಯನ್ನೇ ಹಾಕಿಸಲಿಲ್ಲ. ಮಳೆ ಬಿದ್ದಂತೆಲ್ಲ ಕಳೆ ಎದ್ದಿತು. ಸುತ್ತಲಿನ ಹೊಲಗಳೆಲ್ಲ ಕರ್ರಗೆ ಹಸನಾಗಿದ್ದರೆ ನಮ್ಮದೊಂದೇ ಹಸಿರು. ನನ್ನ ಗಂಡ ಹಾರಾಡಿದರು: “ಹಿಂಗಾರಿ ಹೋದರ ವರ್ಷಾ ಏನ್ ತಿನ್ನೂದು? ಹಕ್ಕಿ ಪುಕ್ಕಾ?” ಮಾವ ಬಾಯಿ ಬಿಡಲಿಲ್ಲ.

ಆದರೆ ಊರಿಗೆ ಊರೇ ಮಾತಾಡುವಾಗ ಒಬ್ಬರು ಸುಮ್ಮನಿದ್ದು ಏನು ಪ್ರಯೋಜನ? ಒಂದು ದಿನ ಪಕ್ಕದ ಹೊಲದವನು ಬಂದು ಹೇಳಿದ: “ಕಾಕಾ, ಕ್ಯಾಂಪಿನ ಚಾದಂಗಡ್ಯಾಗ ಕೇಳಾಕತ್ತಾರ. ಆ ಹೊಲಾ ಯಾಕ ಹಂಗ ಬಿಟ್ಟಾರ, ಭೂತ ಕುಂತೈತೇನು ಅಂತ. ನಿನ್ನಿ ಜೀಪು ಗಾಯರಾಣದ ಮಟಾ ಬಂದು ಹೋತು.”

ಮರುದಿನ ನಾನು ಬುತ್ತಿ ಒಯ್ದಾಗ ಮಾವ ತಾವೇ ಎತ್ತು ಹೂಡಿ ನಿಂತಿದ್ದರು. ಮಗನನ್ನೂ ಆಳನ್ನೂ ಮನೆಗೆ ಕಳಿಸಿಬಿಟ್ಟಿದ್ದರು. ವಯಸ್ಸಾಗಿ ಕುಂಟೆ ಬಿಟ್ಟು ವರ್ಷಗಳಾಗಿದ್ದವು.

“ಏನ್ ಮಾಡಾಕತ್ತೀರಿ ಮಾವಾ?” ಎಂದೆ.

“ತತ್ತಿ ಇರೂ ತನಕ ಆಕಿ ಏಳೂದಿಲ್ಲ ಯವ್ವಾ. ಏಳಲಿಲ್ಲಂದ್ರ ಕುಂತಲ್ಲೇ ಹೊಡೀತಾರ. ತತ್ತಿ ಹೋದರ ಎದ್ದು ಎಲ್ಲರೆ ಹೋಗತಾಳ, ಹೊಲಾ ಹಸನಾದರ ಅವರಿಗೂ ಗುರುತು ಉಳಿಯೂದಿಲ್ಲ. ಆಕಿಯರೆ ಬದುಕಲಿ.”

“ಇನ್ನ ಸ್ವಲ್ಪ ದಿನ ತಡೀರಿ. ಮರಿ ಹೊರಗ ಬರತೈತಿ.”

“ನಾಳಿಗೇ ಬರತಾರ ಅವರು.” ಅವರು ನೊಗದ ಹಗ್ಗ ಬಿಗಿದರು. “ಮಗನ ಕಡಿಂದ ಮಾಡಸಬಾರದು. ಆಳಿನ ಕಡಿಂದಂತೂ ಮಾಡಸಲೇಬಾರದು. ಪಾಪ ನನಗ ಇರಲಿ.”

ಜೀವಮಾನವಿಡೀ ಇರುವೆಗೆ ಸಕ್ಕರೆ ಹಾಕಿದ ಮನುಷ್ಯ ಎತ್ತನ್ನು ಮುಂದೆ ಹೊಡೆದರು. ನಾನು ಬದುವಿನ ಮೇಲೆ ನಿಂತೆ. ಎತ್ತುಗಳು ಹತ್ತಿರ ಬಂದರೂ ಹಕ್ಕಿ ಏಳಲಿಲ್ಲ. ಮಾವ “ಏಳವ್ವಾ, ಏಳು, ಏಳು” ಎಂದು ಕೂಗುತ್ತಿದ್ದರು. ಅಲಗು ಮುಟ್ಟಬೇಕೆನ್ನುವಾಗ ಅದು ರೆಕ್ಕೆ ಬಡಿದು ಪಕ್ಕಕ್ಕೆ ಹಾರಿತು. ಕುಂಟೆ ಹರಿದುಹೋಯಿತು. ಹಕ್ಕಿ ತಿರುಗಿ ಬಂದು, ಆ ಜಾಗದಲ್ಲಿ ಕುತ್ತಿಗೆ ಬಗ್ಗಿಸಿ ನೋಡಿತು, ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಓಡಾಡಿತು. ಬಹಳ ಹೊತ್ತಾದ ಮೇಲೆ ಭಾರವಾಗಿ ಎದ್ದು ಹಾರಿತು. ಮಾವ ಒಮ್ಮೆಯೂ ತಿರುಗಿ ನೋಡಲಿಲ್ಲ. ಹೊಲದ ಕೊನೆಯ ತನಕ ಎತ್ತು ಹೊಡೆದುಕೊಂಡು ಹೋದರು. ನಾನು ಮಾತ್ರ ಹಕ್ಕಿ ಚುಕ್ಕೆಯಾಗುವ ತನಕ ನೋಡಿದೆ. ಅದು ದಕ್ಷಿಣಕ್ಕೆ, ತಗಡಿನ ಮನೆಗಳು ಮಿಂಚುತ್ತಿದ್ದ ಕ್ಯಾಂಪಿನ ಕಡೆಗೇ ಹೋಯಿತು.

ಸಂಜೆ ಪೂಜೆ ಮುಗಿಸಿ ಮಾವ ಪಡಸಾಲೆಯಲ್ಲಿ ಕುಳಿತರು. ಮಧ್ಯಾಹ್ನದ ಬುತ್ತಿ ಮುಟ್ಟಿರಲಿಲ್ಲ. ನಾನು ನೀರು ತಂದಿಟ್ಟೆ.

“ಯಾವ ಕಡೆ ಹೋತು ಯವ್ವಾ?”

“ಲಿಂಗಸುಗೂರ ಕಡೆ, ಮಾವಾ,” ಎಂದೆ. “ಗುಡ್ಡದ ಕಡೆ.”

ಅವರು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

“ಚಲೋ ಆತು,” ಎಂದರು. ಆಮೇಲೆ ಕೈ ತೊಳೆದುಕೊಂಡು, ರೊಟ್ಟಿ ಹಾಕು ಎಂದರು.