ಸೋಲಾರ್ ತರಿಸಿದ ನರ್ಸಬಾಯಿ

ಅಕ್ಕಲಕೋಟ ತಾಲೂಕಿನ ನಮ್ಮೂರ ಹೆರಿಗೆ ದವಾಖಾನೆಯ ನರ್ಸಬಾಯಿ ಸೊಲ್ಲಾಪುರದವರು. ದವಾಖಾನೆ ಹಿಂದಿನ ಖೋಲಿಯಲ್ಲಿ ಒಬ್ಬರೇ ಇರುತ್ತಿದ್ದರು. ಹೆರಿಗೆ ನಡೆಯುವಾಗ ಕರೆಂಟ್ ಹೋದರೆ ಓಣಿಯ ಹೆಂಗಸರೆಲ್ಲ ಕಂದೀಲು, ಬ್ಯಾಟರಿ ಹಿಡಿದು ಓಡುತ್ತಿದ್ದೆವು. ಅವರು ಹೆರುವವಳ ತಲೆ ಸವರಿ, “ನಾ ಅದೀನಲ್ಲ ತಂಗಿ, ಅಂಜಬ್ಯಾಡ” ಅನ್ನುತ್ತಿದ್ದರು. ಕೂಸು ಅತ್ತ ಮೇಲೆ ನಮಗೆಲ್ಲ ಚಹಾ ಕಾಸಿ ಕೊಡುತ್ತಿದ್ದರು. ನಾವು ಎದ್ದರೆ, “ಇನ್ನೊಂದೀಟು ಕೂಡ್ರಿ” ಅನ್ನುತ್ತಿದ್ದರು.

ಮೇಲಿನವರ ಹತ್ತಿರ ಅಲೆದಾಡಿ ಸೋಲಾರ್ ತರಿಸಿದವರೂ ಅವರೇ. ಆಮೇಲೆ ನಮ್ಮನ್ನು ಕರೆಯುವ ಪ್ರಸಂಗವೇ ಬರಲಿಲ್ಲ.

ಒಂದು ಸಂಜೆ ಕರೆಂಟ್ ಹೋಗಿ ಊರು ಕತ್ತಲಾಗಿತ್ತು. ದವಾಖಾನೆಯಲ್ಲಿ ಮಾತ್ರ ಎಲ್ಲ ದೀಪ ಉರಿಯುತ್ತಿದ್ದವು. ನರ್ಸಬಾಯಿ ಬಾಗಿಲಲ್ಲಿ ನಿಂತಿದ್ದರು.

“ಯಾರದರೆ ಹೆರಿಗಿ ಐತೇನ್ರಿ ಬಾಯಿ?” ಎಂದು ಕೇಳಿದೆ.

“ಇಲ್ಲವ್ವಾ,” ಎಂದರು. “ಬೆಳಕ ನೋಡಿ ಯಾರರೆ ಬಂದಾರೇನೋ ಅಂತ ಹಚ್ಚೀನಿ.”