ಎಣ್ಣೆ ಹಚ್ಚಿದ ಗುಳ್ಳ

ಮಾರ್ಗರೆಟ್ ಆಂಟಿ ಯಾವ ತರಕಾರಿಯನ್ನಾದರೂ ಮೊದಲು ಮೂಸುತ್ತಿದ್ದರು, ಆಮೇಲೆ ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎನ್ನಲು ಅವರ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಅರಬ್ ನಾಡಿನ ಅಲ್ ಐನ್‌ನಲ್ಲಿ ನಮ್ಮದು ಆರು ವಿಲ್ಲಾಗಳ ಕಾಂಪೌಂಡು. ಎದುರು ಮನೆ ಅವರದು. ಇಂಗ್ಲೆಂಡಿನಲ್ಲಿ ಅವರದು ನಲವತ್ತು ಮನೆಗಳ ಹಳ್ಳಿಯಂತೆ. ವರ್ಷಕ್ಕೊಮ್ಮೆ ಊರವರೆಲ್ಲ ತಾವು ಬೆಳೆದ ತರಕಾರಿಯನ್ನು ಸಭಾಭವನದ ಮೇಜಿನ ಮೇಲೆ ಜೋಡಿಸುವುದು, ಒಬ್ಬರು ಬಹುಮಾನ ತೀರ್ಮಾನಿಸುವುದು, ಸೋತವರು ಗೆದ್ದವರೊಡನೆ ವಾರಗಟ್ಟಲೆ ಮಾತು ಬಿಡುವುದು, ಅಷ್ಟರಲ್ಲಿ ಗೆದ್ದವರಿಗೆ ಜ್ವರ ಬಂದರೆ ಸೂಪು ಹಿಡಿದುಕೊಂಡು ಓಡುವುದು. ಗಂಡನ ಕೆಲಸಕ್ಕಾಗಿ ಇಲ್ಲಿಗೆ ಬಂದರೂ ಆಂಟಿ ಆ ಪದ್ಧತಿ ಬಿಡಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ಅವರ ಗ್ಯಾರೇಜಿನಲ್ಲೇ ಪ್ರದರ್ಶನ, ತೀರ್ಪೂ ಅವರದೇ.

ಉಡುಪಿಯಲ್ಲಿ ಟೀಚರಾಗಿದ್ದ ನಾನು ಇಲ್ಲಿ ಬರೀ "ಮಿಸೆಸ್ ರಾವ್". ಮೊದಲ ಸಲ ಪ್ರದರ್ಶನದ ಚೀಟಿಯಲ್ಲೂ ಹಾಗೆಯೇ ಬರೆದೆ. "ಬೆಳೆದದ್ದು ರಾವ್ ಅವರಾ?" ಎಂದು ಆಂಟಿ ಕೇಳಿ, ಅದನ್ನು ಹೊಡೆದುಹಾಕಿಸಿ, "ಸುಮತಿ" ಎಂದು ಬರೆಸಿದರು. ಊರಿನ ಬೀಜದಿಂದ ಕುಂಡದಲ್ಲಿ ಬೆಳೆದ ಮೂರು ಮಟ್ಟು ಗುಳ್ಳ ನನ್ನವು, ದುಂಡನೆಯ ಹಸಿರು ಬದನೆ. ಗೆದ್ದರೆ ಇವರೊಳಗೆ ನಾನೂ ಒಬ್ಬಳಾಗುತ್ತೇನೆ ಎಂಬ ಆಸೆ. ಆ ಆಸೆಗೆ ಬಿದ್ದು, ಮಿರಮಿರ ಮಿಂಚಲಿ ಎಂದು ಒಂದಿಷ್ಟು ತೆಂಗಿನೆಣ್ಣೆ ಸವರಿದ್ದೆ.

ಆಂಟಿ ಮೂಸಿದರು. ಗುಳ್ಳಗಳ ಪಕ್ಕ ಅವರ ಚೀಟಿ ಬಂತು: "ಒಳ್ಳೆಯ ಕಾಯಿ. ಎಣ್ಣೆ ಹಚ್ಚಿದೆ. ಸ್ಪರ್ಧೆಯಿಂದ ಹೊರಗೆ." ಆರು ಮನೆಯವರೂ ಅದನ್ನು ಓದಿದರು.

ಮನೆಗೆ ಬಂದು ಅತ್ತುಬಿಟ್ಟೆ. "ಬಿಡು ಮಾರಾಯ್ತಿ, ಒಂದು ಗುಳ್ಳಕ್ಕೆ ಹೀಗೆ ಅಳುದಾ?" ಎಂದರು ನಮ್ಮವರು.

ಮರುದಿನ ಆಂಟಿ ಅದೇ ಮೂರು ಗುಳ್ಳ ಹಿಡಿದು ಬಾಗಿಲಿಗೆ ಬಂದರು. "ಇದರಲ್ಲಿ ಏನು ಅಡುಗೆ ಮಾಡ್ತೀಯ, ತೋರಿಸು." ಮುಖ ಊದಿಸಿಕೊಂಡೇ ಸಾಂಬಾರಿಗಿಟ್ಟೆ. ಅದು ಕುದಿಯುವಾಗ ಅವರೇ ಮಾತು ತೆಗೆದರು.

"ನಾನು ಆ ಹಳ್ಳಿಗೆ ಸೊಸೆಯಾಗಿ ಹೋದವಳು. ಏಳು ವರ್ಷ ನನ್ನ ಸೊಟ್ಟ ಕ್ಯಾರೆಟ್ಟಿಗೂ ಹೊರಗಿನವಳು ಪಾಪ ಅಂತ ಬಹುಮಾನ ಕೊಟ್ಟರು. ಎಂಟನೇ ವರ್ಷ, ಇದು ಅಂಗಡಿಯಿಂದ ತಂದ ಕ್ಯಾರೆಟ್ ಅಂತ ಹಿಡಿದು ಹೊರಗೆ ಹಾಕಿದರು. ತಂದದ್ದೂ ಅಂಗಡಿಯಿಂದಲೇ. ಅವತ್ತಿಂದ ನಾನು ಆ ಊರವಳು. ನಿನ್ನನ್ನು ಏಳು ವರ್ಷ ಕಾಯಿಸೋದು ಬೇಡ ಅನ್ನಿಸ್ತು."

ಅಂದು ಇಬ್ಬರೂ ಹೊಟ್ಟೆ ತುಂಬ ಉಂಡೆವು. ಪರದೇಶದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಆ ಚೀಟಿಯೇ ಎಂದು ಇವತ್ತಿಗೂ ನಂಬಿದ್ದೇನೆ. ಮುಂದಿನ ಮೂರು ವರ್ಷಗಳಲ್ಲಿ ನನಗೆ ಬಂದದ್ದು ಒಂದೇ ಒಂದು ಮೂರನೇ ಬಹುಮಾನ.

ಗಂಡನ ಕಾಂಟ್ರಾಕ್ಟ್ ಮುಗಿದು ಆಂಟಿ ಊರಿಗೆ ಹೊರಟ ಬೆಳಿಗ್ಗೆ ಗೇಟಿನಲ್ಲಿ ಟ್ಯಾಕ್ಸಿ ನಿಂತಿತ್ತು. ನಮ್ಮ ಬಾಗಿಲಿಗೆ ಬಂದ ಅವರ ಕೈ ಹಿಡಿದು, "ನಿಮ್ಮಿಂದ ಇದು ನನ್ನ ಊರಾಯಿತು, ಆಂಟಿ" ಎಂದೆ. ಅವರು ಮುಖ ತಿರುಗಿಸಿ, ಬಾಗಿಲಲ್ಲಿದ್ದ ನನ್ನ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿದರು.

"ನೀರು ಜಾಸ್ತಿ ಹಾಕ್ತಿದ್ದೀಯ," ಎಂದು ಹೇಳಿ ಟ್ಯಾಕ್ಸಿ ಹತ್ತಿದರು.