ಟರ್ಬೊ ಆರುವ ತನಕ

ಹುಲುಗೇಶ ನನ್ನ ಮಗಳ ಮಗ. ಹುಟ್ಟಿದ್ದು ಕುರುಗೋಡಿನಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲೇ. ಅವನ ಅಪ್ಪ ಕಲ್ಲು ಒಡೆಯುವವನು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಹುಡುಗನಿಗೆ ಕೈ ಅಪ್ಪನದು ಬಂತು, ಬಾಯಿ ಮಾತ್ರ ನನ್ನದು. ಶಾಲೆಯಲ್ಲಿ ಮಗ್ಗಿ ಒಪ್ಪಿಸಲಾರದವನು ಹಿಟ್ಟಿನ ಗಿರಣಿಯ ಮುಂದೆ ನಿಂತು, ‘ಬೆಲ್ಟು ಸಡ್ಲಾಗೈತಿ ನೋಡ್ರಿ’ ಅಂತ ಗಿರಣಿಯವನಿಗೇ ಬುದ್ಧಿ ಹೇಳಿ ಏಟು ತಿಂದು ಬರುತ್ತಿದ್ದ. ಆಗ ನಮ್ಮೂರ ಗಿರಣಿಯಲ್ಲಿ ಎಷ್ಟು ಒಳ್ಳೆ ಜೋಳದ ಹಿಟ್ಟು ಬರುತ್ತಿತ್ತು ಅಂತೀರಿ, ರೊಟ್ಟಿ ತಟ್ಟಿದರೆ ಅಂಚು ಸೀಳುತ್ತಿರಲಿಲ್ಲ. ಅದಿರಲಿ.

ಮೀಸೆ ಮೂಡುವ ಮೊದಲೇ ಬಳ್ಳಾರಿಗೆ ಹೋಗಿ ಮಸ್ತಾನ್ ಸಾಬರ ಗ್ಯಾರೇಜು ಸೇರಿದ. ಕೆಲಸ ಕಲಿಸಿದವರು ಅವರೇ. ಈಗ ಅವರಿಲ್ಲ. ಆದರೆ ಹುಲುಗೇಶ ನಟ್ಟು ಬಿಚ್ಚುವ ಪಾನ ಕೈಗೆ ತೆಗೆದುಕೊಂಡಾಗಲೆಲ್ಲ ಬಾಯಲ್ಲಿ ‘ನಮ್ಮ ಉಸ್ತಾದ್ ಹೇಳ್ತಿದ್ದ’ ಅಂತಲೇ ಶುರು. ಅವನ ಹೆಂಡತಿ ರಾಧಾ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಹೋಗುತ್ತಾಳೆ. ಅವಳಂತೂ, ‘ನಿಮ್ಮ ಉಸ್ತಾದು ಹೇಣ್ತಿ ಮಾತು ಕೇಳಬ್ಯಾಡ ಅಂತನೂ ಹೇಳಿದ್ನೇನು?’ ಅನ್ನುತ್ತಾಳೆ. ಒಳ್ಳೆಯ ಹುಡುಗಿ. ನಾನು ಅವರ ಮನೆಗೆ ಬಂದು ಇರುವುದು ಅವಳ ಕೈಯ ಪುಂಡಿಪಲ್ಯಕ್ಕೇ ಅಂತ ಊರಲ್ಲಿ ಹೇಳುತ್ತಿರುತ್ತೇನೆ.

ಹುಲುಗೇಶನ ಶೆಡ್ಡು ಸಿರುಗುಪ್ಪ ರಸ್ತೆಯಲ್ಲಿದೆ. ಸಿರುಗುಪ್ಪದ ಕಡೆ ಭತ್ತ ಕೊಯ್ಯುವ ಕಾಲ ಬಂತೆಂದರೆ ಗದ್ದೆಯಲ್ಲೇ ಕೊಯ್ಲಿನ ಯಂತ್ರಗಳು ಕೆಟ್ಟು ನಿಲ್ಲುತ್ತವೆ. ಅಲ್ಲಿಂದ ಫೋನು ಬರುತ್ತದೆ. ಇವನು ವೆಲ್ಡಿಂಗ್ ಸೆಟ್ಟು, ಸಿಲಿಂಡರು, ಸಾಮಾನಿನ ಪೆಟ್ಟಿಗೆ ಎಲ್ಲ ತನ್ನ ಹಳೆಯ ಪುಟ್ಟ ಕಾರಿಗೆ ತುಂಬಿಕೊಂಡು ಓಡಬೇಕು. ಅಷ್ಟು ಭಾರ ಹೇರಿದರೆ ಆ ಕಾರು ದಮ್ಮು ಹಿಡಿದ ಮುದುಕನ ಹಾಗೆ ಕೆಮ್ಮುತ್ತಿತ್ತು. ಒಂದು ಭತ್ತದ ಲಾರಿ ಮುಂದೆ ಬಂದರೆ ಸಿರುಗುಪ್ಪದವರೆಗೂ ಅದರ ಬೆನ್ನೇ ಗತಿ. ಇವನು ಮುಟ್ಟುವಷ್ಟರಲ್ಲಿ ಬೇರೆ ಮೆಕಾನಿಕ್ಕು ಬಂದು ಕೆಲಸ ಮುಗಿಸಿ ಚಹಾ ಕುಡಿಯುತ್ತಿರುತ್ತಿದ್ದ.

ಹೊಸ ಗಾಡಿ ಕೊಳ್ಳುವ ಶಕ್ತಿ ಇಲ್ಲ. ಅದಕ್ಕೆ ಇವನು ಹೂಡಿದ ಯೋಜನೆ ಏನೆಂದರೆ, ಜಜ್ಜಿಹೋದ ಯಾವುದಾದರೂ ಗಾಡಿಯಿಂದ ಟರ್ಬೊ ಇಂಜಿನ್ನು ಬಿಚ್ಚಿ ತಂದು ಇದಕ್ಕೆ ಕೂರಿಸುವುದು.

‘ಟರ್ಬೊ ಅಂದ್ರ ಏನಲೇ?’ ಅಂದೆ.

‘ಇಂಜಿನ್ ಹೊಗಿ ಹೊರಗ ಬಿಡತೈತಲ್ಲ ಅಜ್ಜಿ, ಆ ಹೊಗಿ ರಭಸಕ್ಕ ಒಂದು ಚಕ್ರ ತಿರಗತೈತಿ. ಆ ಚಕ್ರ ಇನ್ನಷ್ಟು ಗಾಳಿ ಒಳಗ ನೂಕತೈತಿ. ಸಣ್ಣ ಇಂಜಿನ್ನು, ದೊಡ್ಡ ದಮ್ಮು.’

‘ಕಮ್ಮಾರನ ತಿದಿ ಇದ್ದಂಗ ಅನ್ನು.’

‘ಹ್ಞಾಂ, ತನ್ನ ಉಸರಿನಾಗ ತಾನ ಊದಿಕೊಳ್ಳೋ ತಿದಿ.’

ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಂಜಿನ್ನಿನ ಚಿತ್ರ ಬರೆದ. ನನ್ನ ಹಳೆಯ ಸೀರೆಯ ಅಂಚು ಹರಿದು ಅಳತೆ ತೆಗೆದ. ಹೊಸ ಇಂಜಿನ್ನಿನ ಬಲಕ್ಕೆ ಹಳೆಯ ಬ್ರೇಕು ಸಾಲದು, ಮೊದಲು ಅದನ್ನು ಬದಲಿಸಬೇಕು ಅಂದ. ‘ಓಡೋದು ಆಮ್ಯಾಲ, ನಿಲ್ಲೋದು ಮೊದಲು’ ಅಂತ ಉಸ್ತಾದ್ ಹೇಳಿದ್ದರಂತೆ. ಸಾರಿಗೆ ಕಚೇರಿಯಲ್ಲಿ ಒಪ್ಪಿಗೆಗೂ ಅರ್ಜಿ ಹಾಕಿದ. ರಾಧಾ ಹಾಕಿದ ಶರತ್ತು ಒಂದೇ: ಮನೆಯ ಖರ್ಚಿನ ದುಡ್ಡು ಮುಟ್ಟಬಾರದು. ಅದಕ್ಕೆ ಇವನು ಹಳೆಯ ಇಂಜಿನ್ನನ್ನು ಮೊದಲೇ ಬಿಚ್ಚಿ ಮಾರಿದ. ಆ ದುಡ್ಡಿನಲ್ಲಿ ಊರಾಚೆಯ ಒಬ್ಬ ಗುಜರಿಯವನ ಹತ್ತಿರ, ಆಗಲೇ ಬಿಚ್ಚಿಟ್ಟಿದ್ದ ಟರ್ಬೊ ಇಂಜಿನ್ನು ಅಗ್ಗಕ್ಕೆ ಹಿಡಿದ. ‘ಯಾರಿಗೂ ಏನೂ ಆಗಿಲ್ಲಪ್ಪ, ಮುಂದಿನ ಬಂಪರ್ ಮುರಿದ ಗಾಡಿ’ ಅಂದಿದ್ದನಂತೆ ಆ ಪುಣ್ಯಾತ್ಮ. ಅದೇ ವಾರ ಆಯುಧಪೂಜೆ. ಇಂಜಿನ್ನಿಗೆ ಅರಿಶಿನ, ಕುಂಕುಮ, ಚೆಂಡುಹೂ ಎಲ್ಲ ಆಯಿತು. ಬೂದುಗುಂಬಳದಿಂದ ದೃಷ್ಟಿ ನಾನೇ ಇಳಿ ತೆಗೆದೆ.

ಪೂಜೆ ಮುಗಿದ ಮೇಲೆ ಇವನಿಗೆ ವೈರಿಂಗು ನೆನಪಾಯಿತು. ಈಗಿನ ಇಂಜಿನ್ನುಗಳಿಗೆ ಒಂದು ಕಂಪ್ಯೂಟರ್ ಪೆಟ್ಟಿಗೆ, ಅದರಿಂದ ಹೊರಟ ವೈರಿನ ಜಡೆ ಇರುತ್ತದಂತೆ. ಅದಿಲ್ಲದೆ ಇಂಜಿನ್ನು ತಂದರೆ ತಲೆ ಬಿಟ್ಟು ಮುಂಡ ತಂದ ಹಾಗೆ. ತರಲೆಂದು ಗುಜರಿಗೆ ಹೋದ. ಮರಳಿ ಬಂದವನು ಚಪ್ಪಲಿ ಕೂಡ ಬಿಡದೆ ಹೊಸ್ತಿಲ ಮೇಲೆ ಕುಳಿತ.

‘ಏನಾತಲೇ?’

‘ಅಜ್ಜಿ, ಆ ಗಾಡ್ಯಾಗ ಜೀವ ಹೋಗೈತಿ.’

ವೈರು ಬಿಚ್ಚಲು ಗಾಡಿಯೊಳಗೆ ತಲೆ ಹಾಕಿದರೆ ಸ್ಟೇರಿಂಗು ಸೀಟಿನವರೆಗೆ ಒತ್ತಿಕೊಂಡು ಬಂದಿತ್ತಂತೆ. ಗಾಜಿನ ಕೆಳಗೆ ಮಂತ್ರಾಲಯದ ಅಕ್ಷತೆಯ ಕಾಳು ಇನ್ನೂ ಅಂಟಿದ್ದವಂತೆ. ಜೋರು ಮಾಡಿ ಕೇಳಿದ ಮೇಲೆ ಗುಜರಿಯವನು ಬಾಯಿಬಿಟ್ಟ. ಗಾಡಿ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮಧುಸೂದನರಾಯರದು. ಸಿರುಗುಪ್ಪದಲ್ಲಿ ಮೇಷ್ಟ್ರಾಗಿದ್ದರು, ದಿನಾ ಹೋಗಿ ಬರುತ್ತಿದ್ದರು. ಒಂದು ಸಂಜೆ ದೀಪ ಹಾಕದೆ ರಸ್ತೆಯಲ್ಲಿ ನಿಲ್ಲಿಸಿದ್ದ ಹೊಟ್ಟಿನ ಲಾರಿಗೆ ಹೋಗಿ ಹೊಡೆದಿದ್ದರು.

ಮಸ್ತಾನ್ ಸಾಬರದು ಒಂದು ಕಟ್ಟಳೆ ಇತ್ತು. ಸಾವಾದ ಗಾಡಿಯ ಸಾಮಾನನ್ನು ಹಾಗೇ ಬೇರೆ ಗಾಡಿಗೆ ಹಾಕಬಾರದು. ಆ ಮನೆಗೆ ಹೋಗಿ, ವಿಷಯ ಹೇಳಿ, ಅವರ ಕೈಯ ನೀರು ಕುಡಿದು ಬರಬೇಕು. ನೀರು ಕೊಟ್ಟರೆ ಸಾಮಾನು ಕೊಟ್ಟ ಹಾಗೆ. ಕೊಡದಿದ್ದರೆ ಗುಜರಿಗೇ ವಾಪಸು, ದುಡ್ಡು ಹೋದರೂ ಸರಿ. ಬೇರೆ ಗ್ಯಾರೇಜಿನವರು ಇದಕ್ಕೆ ನಗುತ್ತಿದ್ದರು.

ರಾಧಾ ಹಣೆ ಚಚ್ಚಿಕೊಂಡಳು. ‘ಹಳೇ ಇಂಜಿನ್ ಮಾರಿ ಕುಂತೀ. ಭತ್ತ ಕೊಯ್ಯಾಕ ಹತ್ಯಾರ, ಫೋನ್ ಮ್ಯಾಲ ಫೋನು. ಆ ಮೇಷ್ಟ್ರ ಹೇಣ್ತಿ ಒಲ್ಲೆ ಅಂದ್ರ ಏನ್ ಮಾಡ್ತಿ? ಖಾಲಿ ಡಬ್ಬಿ ತಳ್ಳಿಕೊಂತ ಹೋಗ್ತಿಯಾ?’

‘ತಳ್ಳಿಕೊಂತ ಹೋಗ್ತೀನಿ.’

ಅಷ್ಟೇ ಅಂದ. ಅವತ್ತು ಅವನ ಬಾಯಿಯೂ ಅಪ್ಪನದಾಗಿತ್ತು. ಗಂಡ ಹೋದ ಹೆಂಗಸಿನ ಮನೆಗೆ ಒಬ್ಬನೇ ಹೋಗುವುದು ಸರಿಯಲ್ಲ ಅಂತ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡ.

ಹಳೆಯ ಮನೆ. ಗೇಟಿನ ಪಕ್ಕ ತುಳಸಿ, ಅದರ ಮುಂದೆ ಒಂದೆಳೆ ರಂಗೋಲಿ. ರಾಯರ ಹೆಂಡತಿ ವಿಜಯಾಬಾಯಿ, ನನ್ನ ಮಗಳ ವಯಸ್ಸಿನವರು. ಯಾರು, ಏನು ಅಂತ ಕೇಳುವ ಮೊದಲೇ, ‘ಬಿಸಲಾಗ ಬಂದೀರಿ, ಕೂಡ್ರಿ’ ಅಂತ ಎರಡು ಲೋಟ ನೀರು ತಂದಿಟ್ಟರು. ಬಳ್ಳಾರಿಯ ಬಿಸಿಲು, ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಲೋಟ ಎತ್ತಿದೆ.

‘ಅಜ್ಜಿ, ಇಳಸು’ ಅಂದ ಹುಲುಗೇಶ. ‘ಮೊದಲು ಹೇಳ್ತೀನಿ. ಆಮ್ಯಾಲ ಕುಡಿಯಾದು.’

ಎಲ್ಲ ಹೇಳಿದ. ಗುಜರಿ, ಇಂಜಿನ್ನು, ಉಸ್ತಾದರ ಕಟ್ಟಳೆ, ಯಾವುದನ್ನೂ ಮುಚ್ಚಲಿಲ್ಲ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದರು. ಲೋಟಗಳು ನಡುವೆ ಹಾಗೇ ಇದ್ದವು. ಕಡೆಗೆ ಒಂದು ಮಾತು ಕೇಳಿದರು.

‘ಭಾಳ ಜೋರು ಹೊಡದ್ರು, ಅದಕ್ಕ ಹಿಂಗಾತು ಅಂತ ಮಂದಿ ಅಂತಾರ. ಇಂಜಿನ್ ಬಿಚ್ಚಿ ನೋಡಿದ್ರ ಅದು ಗೊತ್ತಾಗ್ತದೇನಪಾ?’

ಇಲ್ಲ ತಾಯಿ, ನಿಧಾನವಾಗಿಯೇ ಹೋಗುತ್ತಿದ್ದರು ಅಂತ ಒಂದು ಮಾತು ಹೇಳಿಬಿಡು ಮಗನೇ ಅಂತ ಅವನ ಮುಖ ನೋಡಿದೆ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ.

‘ಇಲ್ರಿ ಅಮ್ಮಾ’ ಅಂದ ಅವನು. ‘ಅದು ನನಗ ಗೊತ್ತಾಗಂಗಿಲ್ಲ.’

ಆಕೆ ತಲೆಯಾಡಿಸಿದರು.

‘ಮತ್ತ ಏನು ಗೊತ್ತಾಗ್ತದ?’

‘ಟರ್ಬೊದಾಗಿನ ಚಕ್ರ ಅಲಗಾಡವಲ್ದು, ಎಣ್ಣಿ ಎಲ್ಲೂ ಕರಕಾಗಿಲ್ಲ. ದೂರ ಓಡಿ ಬಂದ ಗಾಡಿ ಕೂಡ್ಲೇ ಬಂದ್ ಮಾಡಿದ್ರ ಆ ಕಾವಿಗೆ ಒಳಗಿನ ಎಣ್ಣಿ ಸುಟ್ಟು ಕರಕಾಗತೈತ್ರಿ. ಓಡಿ ಬಂದ ಎತ್ತಿನ ದಮ್ಮು ಆರಿಸಿ ನೊಗದಿಂದ ಕೊಳ್ಳ ಹರೀತೀವಲ್ಲ, ಹಂಗ ಸ್ವಲ್ಪ ಹೊತ್ತು ಇಂಜಿನ್ ಚಾಲೂ ಇಟ್ಟು ನಿಂತಲ್ಲೇ ಆರಾಕ ಬಿಡಬೇಕು. ಭಾಳ ಮಂದಿ ಬಿಡಂಗಿಲ್ಲ. ಇವರು ದಿನಾ ಬಿಟ್ಟಾರ.’

ಆಕೆಯ ಬೆರಳು ಸೆರಗಿನಲ್ಲೇ ನಿಂತಿತು.

‘ಗೇಟಿನ ಮುಂದ ಬಂದು ಗಾಡಿ ಬಂದ್ ಮಾಡದ ಒಳಗ ಕೂತಿರ್ತಿದ್ರು’ ಅಂದರು. ‘ದಿನಾ. ಅಡಗಿಮನ್ಯಾಗಿಂದ ಗುರುಗುರು ಸಪ್ಪಳ ಕೇಳ್ತಿತ್ತು. ಮನಿಗೆ ಬಂದ್ರೂ ಒಳಗ ಬರ್ಲಿಕ್ಕೆ ಮನಸಿಲ್ಲ ಇವರಿಗೆ ಅಂತ ನನಗ ಸಿಟ್ಟು. “ಅನ್ನ ಆರ್ತದ, ಬರ್ರಿ” ಅಂತ ಒದರ್ತಿದ್ದೆ. ಯಾಕ ಅಂತ ಅವರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.’

ಎದ್ದು ಎರಡೂ ಲೋಟ ಎತ್ತಿಕೊಂಡು ಒಳಗೆ ಹೋದರು. ಹುಲುಗೇಶ ನೆಲ ನೋಡುತ್ತ ಕುಳಿತ. ನನಗೆ ಶೆಡ್ಡಿನ ಆ ಖಾಲಿ ಕಾರು ಕಣ್ಣ ಮುಂದೆ ಬಂತು. ಆಯಿತು, ತಳ್ಳಿಕೊಂಡು ಹೋಗುವುದೇ ಇವನ ಹಣೆಬರಹ ಅಂದುಕೊಂಡು ಕೋಲಿಗೆ ಕೈ ಹಾಕಿದೆ. ಬಹಳ ಹೊತ್ತಿನ ಮೇಲೆ ಒಳಗೆ ನಲ್ಲಿ ಬಿಟ್ಟ ಸದ್ದು, ಮುಖ ತೊಳೆದ ಸದ್ದು.

ಹೊರಗೆ ಬಂದಾಗ ಕೈಯಲ್ಲಿ ತಟ್ಟೆ ಇತ್ತು. ಅದೇ ಲೋಟಗಳು, ಮಡಕೆಯ ಹೊಸ ನೀರು, ಪಕ್ಕದಲ್ಲಿ ಎರಡು ಚೂರು ಬೆಲ್ಲ.

‘ಆ ನೀರು ಕಾದುಹೋಗಿತ್ತು’ ಅಂದರು. ‘ತೊಗೊಳ್ರಿ.’

ಹುಲುಗೇಶ ಎರಡು ಕೈಯಲ್ಲಿ ಹಿಡಿದು ಕುಡಿದ. ನಾನೂ ಕುಡಿದೆ. ನೀರಿಗೆ ಅಂಥ ರುಚಿ ಇರುತ್ತದೆ ಅಂತ ನಾನು ಬಾಯಿ ಬಿಟ್ಟು ಹೇಳಿದರೆ ನೀವು ನಗುತ್ತೀರಿ.

ಕಾರಿಗೆ ಇಂಜಿನ್ನು ಕೂರಿಸುವುದು ಸುಲಭವಾಗಲಿಲ್ಲ. ಇಂಜಿನ್ನು ಹೊತ್ತು ನಿಲ್ಲುವ ಹಿಡಿಗಳು ಹೊಂದಲಿಲ್ಲ, ಕಡಿದು ಮತ್ತೆ ಬೆಸೆದ. ಬಳ್ಳಾರಿಯ ಕಾವಿಗೆ ಇಂಜಿನ್ನು ತಣಿಸುವ ನೀರಿನ ಜಾಲರಿ ಸಾಲದು ಅಂತ ದೊಡ್ಡದು ಹುಡುಕಿದ. ರಾಧಾ ಬೈಯುತ್ತಲೇ ಸಂಜೆ ಬಂದು ಟಾರ್ಚು ಹಿಡಿದಳು. ಅಷ್ಟರಲ್ಲಿ ಆ ಸುಗ್ಗಿಯ ಅರ್ಧ ಮುಗಿದಿತ್ತು, ಗಿರಾಕಿಗಳೂ ಕೈಬಿಟ್ಟಿದ್ದರು. ಅದರಲ್ಲಿ ಸುಳ್ಳು ಹೇಳಬಾರದು.

ಸಾರಿಗೆ ಕಚೇರಿಯವರು ನೋಡಿ ಒಪ್ಪಿ ಕಾಗದ ಕೊಟ್ಟ ದಿನ ಗಾಡಿಯನ್ನು ಸಿರುಗುಪ್ಪದವರೆಗೆ ಓಡಿಸಿ ನೋಡಬೇಕೆಂದ. ನನ್ನನ್ನೂ ಕೂರಿಸಿಕೊಂಡ. ಭಾರ ಹೇರಿದ್ದರೂ ಲಾರಿಗಳನ್ನು ಬಿಟ್ಟು ಮುಂದೆ ಹೋಯಿತು. ಹೊಟ್ಟಿನ ಲಾರಿ ಕಂಡಲ್ಲೆಲ್ಲ ಇವನು ನಿಧಾನ ಮಾಡಿದ. ಮರಳಿ ಬರುವಾಗ ಶೆಡ್ಡಿನ ಕಡೆ ತಿರುಗಿಸಲಿಲ್ಲ. ಸೀದಾ ಸತ್ಯನಾರಾಯಣಪೇಟೆಗೆ ಹೋಗಿ ಆ ಗೇಟಿನ ಮುಂದೆ ನಿಲ್ಲಿಸಿದ. ಹಾರನ್ ಹೊಡೆಯಲಿಲ್ಲ, ಬಂದ್ ಮಾಡಲೂ ಇಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತ. ಇಂಜಿನ್ನು ಗುರುಗುರು ಅನ್ನುತ್ತಿತ್ತು. ನಾನು ಏನೋ ಹೇಳಲು ಹೋದೆ, ಅವನು ನನ್ನ ಮೊಣಕೈ ಮುಟ್ಟಿದ.

ವಿಜಯಾಬಾಯಿ ಬಾಗಿಲಿಗೆ ಬಂದರು. ಗೇಟಿನ ತನಕ ಬರಲಿಲ್ಲ. ಕೈಗೆ ಹಿಟ್ಟು ಮೆತ್ತಿತ್ತು. ಆ ಕೈಯನ್ನೇ ಚೌಕಟ್ಟಿಗೆ ಕೊಟ್ಟು ನಿಂತರು. ನಮ್ಮನ್ನು ನೋಡಲಿಲ್ಲ. ತುಳಸಿಯನ್ನೋ ಗಾಡಿಯನ್ನೋ ನೋಡುತ್ತ ಆ ಸದ್ದು ಕೇಳುತ್ತಿದ್ದರು. ಇಂಜಿನ್ನು ಆರುವಷ್ಟು ಆರಿದ ಮೇಲೆ ಹುಲುಗೇಶ ಕೀಲಿ ತಿರುಗಿಸಿದ. ಓಣಿ ಒಮ್ಮೆಗೇ ಸುಮ್ಮನಾಯಿತು.

ಆಕೆ ಮತ್ತೂ ಸ್ವಲ್ಪ ಹೊತ್ತು ನಿಂತು ಒಳಗೆ ತಿರುಗಿದರು. ಹೋಗಿಯೇಬಿಟ್ಟರು ಅಂದುಕೊಂಡೆ. ಆಮೇಲೆ ಅಡುಗೆಮನೆಯಿಂದ ದನಿ ಬಂತು.

‘ಬರ್ರಿ ಒಳಗ. ಅನ್ನ ಆರ್ತದ.’